ಬಣ್ಣ ತಿರುಗಿದ ಡಾಲರ್

"ಉಸಿರು ಬಿಗಿಹಿಡ್ಕೊಂಡು ಬಾ," ಎಂದ ಮರ್ಲ್, ದೀಪದಿಂದ ತಲೆಯೆತ್ತದೆ. "ಎಂಜಲಿನ ಹನಿ ತಾಗಿದ್ರೂ ಕಲೆ ಬೀಳತ್ತೆ."

ರೊವೀನಾ ಉಸಿರು ಹಿಡಿದೇ ಬಾಗಿದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅದು ಅಭ್ಯಾಸವಾಗಿತ್ತು. ಗಂಡ ಅಂಚಿನಲ್ಲಷ್ಟೇ ಹಿಡಿದಿದ್ದ ೧೮೮೧ರ ಬೆಳ್ಳಿ ಡಾಲರ್ ಬೆಳಕಿಗೆ ನಿಧಾನವಾಗಿ ವಾಲಿತು. ಒಂಬತ್ತು ವರ್ಷದ ಹಿಂದೆ ಕಂದು ಲಕೋಟೆಯಲ್ಲಿಟ್ಟಾಗ ಅದು ಬರೀ ಬಿಳಿ. ತಮ್ಮೂರು ಕಾರ್ಸನ್ ಸಿಟಿಯ ಯಾವ ನಾಣ್ಯದಂಗಡಿಯಲ್ಲಾದರೂ ಸಿಗುವಂಥದ್ದು. ಈಗ ಅದರ ಮೇಲಿನ ಹೆಣ್ಣುಮುಖದ ಕೆನ್ನೆಗೆ ತೆಳು ಹಳದಿ ಹತ್ತಿತ್ತು. ಕೂದಲಿನ ಬಳಿ ಅದು ಕೆಂಪಾಗಿ, ನೇರಳೆಯಾಗಿ, ಅಂಚಿಗೆ ಬರುವಾಗ ಹಸಿರು ಬೆರೆತ ನೀಲಿಯಾಗಿತ್ತು.

"ಗಾಳಿಯಲ್ಲಿರೋ ಗಂಧಕ ಬೆಳ್ಳಿ ಮೇಲೆ ಪೊರೆ ಕಟ್ಟತ್ತೆ," ಎಂದ ಮರ್ಲ್. "ಪೊರೆ ಎಷ್ಟು ದಪ್ಪವೋ ಅದರ ಮೇಲೆ ಬಣ್ಣ. ಬೇರೆ ಮನೆಗಳಲ್ಲಿ ಕರ್ರಗೆ ಆಗತ್ತೆ, ಇಲ್ಲಿ ಹೀಗಾಗಿದೆ. ಈ ಮನೆ ಗಾಳಿ ಕಣೇ! ಈ ಗೋಡೆ, ಈ ಲಕೋಟೆ, ಈ ಡ್ರಾಯರು. ತಾನಾಗೇ ಇಂಥಾ ಬಣ್ಣ ಬಂದ ನಾಣ್ಯಕ್ಕೆ ಎಷ್ಟೋ ಪಟ್ಟು ಬೆಲೆ. ಇದನ್ನ ಬಿಟ್ಟು ಹೋಗೋಕಾಗತ್ತಾ, ಹೇಳು."

ಸುತ್ತ ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆಗಳಿದ್ದವು. ಮಳೆ ಬಿಡದ ಆರೆಗಾನ್ ಕಡಲ ದಂಡೆಯಲ್ಲಿ ರೊವೀನಾಳ ತಂಗಿ ಫರ್ನ್‌ಳ ಮನೆಯ ಇನ್ನೊಂದು ಭಾಗ ಖಾಲಿಯಾಗಿತ್ತು. ಅಲ್ಲಿಗೆ ಹೋಗೋಣವೆಂದು ರೊವೀನಾ ಹನ್ನೊಂದು ವರ್ಷ ಕೇಳಿದ ಮೇಲೆ, ಕಳೆದ ತಿಂಗಳು ಮರ್ಲ್ ಹೂಂ ಅಂದಿದ್ದ. ಶನಿವಾರ ಮಧ್ಯಾಹ್ನದೊಳಗೆ ಖಚಿತ ಮಾಡದಿದ್ದರೆ ಫರ್ನ್ ಬೇರೆಯವರಿಗೆ ಕೊಡುತ್ತಾಳೆ. ಸಾಮಾನು ಕಟ್ಟುವ ಭರದಲ್ಲಿ ರೊವೀನಾಳ ಹೊಲಿಗೆ ಬೀರುವಿನ ಮೇಲಿನ ಡ್ರಾಯರು ಬರಿದು ಮಾಡುವಾಗಲೇ ಈ ಲಕೋಟೆ ಸಿಕ್ಕಿದ್ದು. ಜಾಗ ಸಾಲದೆ ಅವನೇ ಅಲ್ಲಿಟ್ಟು ಮರೆತಿದ್ದ.

ಅದರ ಕೆಳಗಿನ ಡ್ರಾಯರಿನಲ್ಲಿ ಏನಿರುತ್ತಿತ್ತೆಂದು ಅವನಿಗೆ ಗೊತ್ತಿರಲಿಲ್ಲ.

ಆ ಮನೆಯೊಳಗೆ ಮೊಟ್ಟೆ ಬರುವಂತಿರಲಿಲ್ಲ. ಈರುಳ್ಳಿ, ಉಣ್ಣೆ, ರಬ್ಬರ್ ಬ್ಯಾಂಡು ಕೂಡ. ಎಲ್ಲದರಲ್ಲೂ ಗಂಧಕ, ಎಲ್ಲವೂ ಬೆಳ್ಳಿಗೆ ಶತ್ರು. ರೊವೀನಾ ಫ್ಯಾಲನ್‌ನ ಕೋಳಿ ಸಾಕುವವರ ಮನೆಯ ಮಗಳು. ಗುರುವಾರ ಮರ್ಲ್ ರೀನೋದ ನಾಣ್ಯ ಸಂಘಕ್ಕೆ ಹೊರಟ ಕೂಡಲೇ ಕಿಟಕಿಗಳನ್ನೆಲ್ಲ ತೆರೆದು ಎರಡು ಮೊಟ್ಟೆ ಬೇಯಿಸುತ್ತಿದ್ದಳು. ಒಂದನ್ನು ನಿಂತಲ್ಲೇ ತಿನ್ನುತ್ತಿದ್ದಳು. ಇನ್ನೊಂದನ್ನು ಸುಲಿದು, ಕಾಗದದಲ್ಲಿ ಸುತ್ತಿ, ಆ ಕೆಳಗಿನ ಡ್ರಾಯರಿನ ದಾರದುಂಡೆಗಳ ಹಿಂದೆ ಅಡಗಿಸಿ, ಮರುದಿನ ಅವನು ಕ್ಷೌರಕ್ಕೆ ಹೋದಾಗ ತಿನ್ನುತ್ತಿದ್ದಳು.

ಶುಕ್ರವಾರ ಸಂಘದವರು ಮನೆಗೇ ಬಂದರು. ಹಿರಿಯ ಸದಸ್ಯ ಆರ್ಡನ್ ಭೂತಗನ್ನಡಿ ಕಣ್ಣಿಗೊತ್ತಿ ಬಹಳ ಹೊತ್ತು ಕೂತ. ಆಮೇಲೆ ಶಿಳ್ಳೆ ಹಾಕಿದ.

"ಏನ್ ಹಾಕಿ ಸಾಕಿದ್ಯೇ ರೊವೀನಾ ಈ ಡಾಲರನ್ನ? ನನ್ನ ಹೆಂಡ್ತಿ ಕೈಲಿ ಗಿಡಾನೂ ಬದುಕಲ್ಲ."

ಎಲ್ಲರೂ ನಕ್ಕರು.

"ಡೆಲ್ವಿನ್ ನೋಡ್ಬೇಕಿತ್ತು ಇದನ್ನ," ಎಂದ ಇನ್ನೊಬ್ಬ. "ಪಾಪಿ, ಬೆಂದ ಮೊಟ್ಟೆ ಜೊತೆ ನಾಣ್ಯ ಡಬ್ಬೀಲಿಟ್ಟು ಬಣ್ಣ ಬರಿಸಿ, ತಾನಾಗೇ ಬಂದಿದ್ದು ಅಂತ ಮಾರಿದ್ನಲ್ಲ."

"ಸಂಘದಿಂದ ಹೊರಗೆ ಹಾಕೋಕೆ ಮೊದ್ಲು ಕೈಯೆತ್ತಿದ್ದೇ ನಾನು," ಎಂದ ಮರ್ಲ್.

"ಆದ್ರೂ ಮರ್ಲ್," ಆರ್ಡನ್ ಭೂತಗನ್ನಡಿ ಮಡಿಚಿದ, "ಒಂದು ಬಂದ್ರೆ ಅದೃಷ್ಟ ಅಂತೀನಿ. ಇನ್ನೊಂದು ಬರ್ಲಿ, ಮನೆ ಗುಣ ಅಂತ ಒಪ್ಕೋತೀನಿ. ಅಲ್ಲೀವರ್ಗೂ ಒಂದು ಪರದೇನೂ ಬದಲಾಯಿಸ್ಬೇಡ್ರಪ್ಪ."

ಅವರು ಹೋದ ಮೇಲೆ ಮರ್ಲ್ ಪೆಟ್ಟಿಗೆಗಳನ್ನು ಬಿಚ್ಚತೊಡಗಿದ. ತಟ್ಟೆಗಳು ಮತ್ತೆ ಕಪಾಟು ಸೇರಿದವು. ರೊವೀನಾಳ ಮಳೆಯಂಗಿಯನ್ನು ಅವನೇ ಮಡಿಸಿ ಮೇಲಿನ ಹಲಗೆಯ ಮೇಲಿಟ್ಟ. ಈ ಊರಿನಲ್ಲಿ ಅದರ ಅಗತ್ಯ ಬೀಳುವುದು ವರ್ಷಕ್ಕೆ ನಾಲ್ಕೋ ಐದೋ ದಿನ.

ಶನಿವಾರ ಹನ್ನೊಂದೂವರೆಗೆ ಅವಳು ಅಡುಗೆಮನೆಯ ಮೇಜಿನಲ್ಲಿ ಅವನೆದುರು ಕೂತಳು.

"ಮನೆ ಗಾಳಿ ಅಲ್ಲ ಮರ್ಲ್. ಮೊಟ್ಟೆ."

"ಯಾವ ಮೊಟ್ಟೆ?"

ಅವಳು ಹೇಳಿದಳು. ಗುರುವಾರಗಳು, ಕಿಟಕಿಗಳು, ಕೆಳಗಿನ ಡ್ರಾಯರು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೋದಂತೆ ಎದೆ ಹಗುರವಾಯಿತು. ಅವನು ಕೂಗಾಡಲಿ, ಡಾಲರನ್ನು ಎಸೆಯಲಿ. ಮನೆ ಗಾಳಿಯ ಮಾತಂತೂ ಮುಗಿಯುತ್ತದೆ. ಪೆಟ್ಟಿಗೆಗಳನ್ನು ಮತ್ತೆ ಕಟ್ಟಲು ಒಂದು ದಿನ ಸಾಕು.

ಮರ್ಲ್ ಕೂಗಾಡಲಿಲ್ಲ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಕೂತಿದ್ದ.

"ಹನ್ನೊಂದು ಜನ ನೋಡಿದಾರೆ," ಎಂದ. "ಆರ್ಡನ್ ನೋಡಿದಾನೆ."

"ಹೇಳಿಬಿಡು. ನಿನಗೆ ಗೊತ್ತಿರ್ಲಿಲ್ಲ, ತಪ್ಪು ನಂದು."

"ಡೆಲ್ವಿನ್ನೂ ಹಾಗೇ ಅಂದಿದ್ದ, ಹೆಂಡ್ತಿ ಕೆಲ್ಸ ಅಂತ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ." ಅವನು ಕಣ್ಣುಜ್ಜಿಕೊಂಡ. "ಈಗ ಊರು ಬಿಟ್ರೆ ಆರ್ಡನ್‌ಗೆ ಅನುಮಾನ ಬರದೇ ಇರತ್ತಾ? ಒಂದೇ ಒಂದು ತೋರ್ಸಿ ಓಡಿಹೋದ ಅಂತಾನೆ."

ಅವನು ಎದ್ದು ಕೋಣೆಗೆ ಹೋದ. ಮರಳಿ ಬಂದಾಗ ಕೈಯಲ್ಲಿ ಒಂದು ಬಿಳಿ ಡಾಲರ್, ಒಂದು ಕಂದು ಲಕೋಟೆ, ಒಂದು ಪೆನ್ಸಿಲ್ ಇದ್ದವು.

"ಸುಲಿದ್ಮೇಲೆ ಎಷ್ಟು ಹೊತ್ತು ಇಡ್ತಿದ್ದೆ?"

"ಮರ್ಲ್..."

"ಡೆಲ್ವಿನ್ ಡಬ್ಬೀಲಿಟ್ಟ ಹಾಗೆ ಅಲ್ಲ ಇದು. ಇದು ನಿಧಾನ. ಯಾರಿಗೂ ಮೋಸ ಅಲ್ಲ." ಅವನ ಮಾತು ಬೇಡಿಕೆಯಂತೆ ಕೇಳಿಸಿತು. "ಇನ್ನು ಕಿಟಕಿ ತೆಗ್ಯೋದು ಬೇಡ. ನಾನೇ ತಂದ್ಕೊಡ್ತೀನಿ ಮೊಟ್ಟೆ. ನೀನು ಮೊದ್ಲು ಹೇಗೆ ಮಾಡ್ತಿದ್ಯೋ ಹಾಗೇ ಮಾಡು, ಅಷ್ಟೇ. ಎರಡು ಬೇಯಿಸ್ತಿದ್ಯಾ?"

ಹನ್ನೆರಡಾಗುತ್ತಿದ್ದಂತೆ ಹಜಾರದಲ್ಲಿ ಫೋನು ಬಡಿದುಕೊಂಡಿತು. ಫರ್ನ್ ಇರಬೇಕು. ರೊವೀನಾ ಏಳಲು ಕುರ್ಚಿಯ ಕೈ ಹಿಡಿದಳು.

"ಎರಡಾ?" ಎಂದು ಮತ್ತೆ ಕೇಳಿದ.

"ಎರಡು," ಎಂದಳು.

ಫೋನು ಇನ್ನೂ ಸ್ವಲ್ಪ ಹೊತ್ತು ಬಡಿದುಕೊಂಡು ನಿಂತಿತು. ಮರ್ಲ್ ಡಾಲರನ್ನು ಅಂಚಿನಲ್ಲಿ ಹಿಡಿದು ಲಕೋಟೆಯೊಳಗೆ ಜಾರಿಸಿದ. ಮೇಲೆ ಪುಟ್ಟ ಅಕ್ಷರಗಳಲ್ಲಿ ಅಂದಿನ ತಾರೀಕು ಬರೆದು, ಅದರ ಮುಂದೊಂದು ಅಡ್ಡಗೆರೆ ಎಳೆದು, ಬಣ್ಣ ತಿರುಗುವ ದಿನಕ್ಕೆಂದು ಗೆರೆಯಾಚೆಯ ಜಾಗವನ್ನು ಖಾಲಿ ಬಿಟ್ಟ.