ಗಟ್ಟಿಯಾಗಿ ಯೋಚಿಸುವುದು

ಲೆಕ್ಕ ಬಿಡಿಸುವಾಗ ಯಾನ್ಸಿ ಮನೆಯಲ್ಲಿ ಇರುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತಿರುತ್ತಿದ್ದಳು, ಕೈಯಲ್ಲಿ ಪೆನ್ಸಿಲ್ ಇರುತ್ತಿತ್ತು, ಆದರೆ ಅವಳು ಎಲ್ಲೋ ತಿಳಿನೀರಿನ ತಳದಲ್ಲಿ ನಡೆಯುತ್ತಿರುತ್ತಿದ್ದಳು. ಅಲ್ಲಿ ಬೆಳಕು ಹಸಿರಾಗಿತ್ತು. ಸದ್ದೇ ಇರಲಿಲ್ಲ. ಬಿಡಿಬಿಡಿಯಾಗಿ ತೇಲುತ್ತಿದ್ದ ಸಂಗತಿಗಳು ತಾವಾಗಿಯೇ ಹತ್ತಿರ ಬಂದು ಕೈ ಕೈ ಹಿಡಿದುಕೊಳ್ಳುತ್ತಿದ್ದವು. ಅವಳು ಮೇಲೆ ಬರುವಾಗ ಉತ್ತರ ಜೊತೆಗೇ ಬರುತ್ತಿತ್ತು.

ಕಾಲೇಜಿನಲ್ಲಿ ಇದರಿಂದ ತೊಂದರೆಯಾಗಿರಲಿಲ್ಲ. ತೊಂದರೆಯಾದದ್ದು ಪದವಿ ಮುಗಿಸಿ ಮೊದಲ ಸಾಫ್ಟ್‌ವೇರ್ ಸಂದರ್ಶನಕ್ಕೆ ಕೂತಾಗ. "ಯೋಚಿಸೋದನ್ನೆಲ್ಲ ಗಟ್ಟಿಯಾಗಿ ಹೇಳ್ತಾ ಹೋಗಿ" ಎಂದಿದ್ದರು. ಅವಳು ನೀರಿಗಿಳಿದುಬಿಟ್ಟಳು. ಮೇಲೆದ್ದಾಗ ಉತ್ತರ ಸರಿಯಾಗಿತ್ತು. ಪರದೆಯ ಮೇಲಿನ ಮುಖಗಳು ಮಾತ್ರ ಆಗಲೇ ಬೇಸತ್ತಿದ್ದವು. ನಿಮ್ಮ ಯೋಚನೆಯ ದಾರಿ ನಮಗೆ ಕಾಣಲಿಲ್ಲ ಎಂದು ಬರೆದು ಕಳಿಸಿದರು.

ಈಗ ಇನ್ನೊಂದು ಕಂಪನಿ, ಶುಕ್ರವಾರ. ಹೊಸಬರಿಗೆ ಆ ವರ್ಷ ಬಾಗಿಲು ತೆರೆದವರೇ ಕಡಿಮೆ. ಇದೂ ತಪ್ಪಿದರೆ ವಿಮಾನ ನಿಲ್ದಾಣದ ಬಳಿ, ಕಾರು ಬಾಡಿಗೆಗೆ ಕೊಡುವ ಕಚೇರಿಯಲ್ಲಿ ದಿನವಿಡೀ ಫೋನ್ ಎತ್ತುವುದು.

"ನನ್ನ ಮುಂದೆ ಹೇಳಿ ನೋಡೋಣ," ಎಂದಳು ತಾಯಿ ಫ್ಲೋರಿಬೆತ್, ಪೆಹಿಬಾಯೆ ಹಣ್ಣು ಬೇಯುತ್ತಿದ್ದ ಪಾತ್ರೆಯ ಮುಚ್ಚಳ ಸರಿಸುತ್ತ. ನಮ್ಮ ಅಲಹ್ವೇಲ ಊರಿನಲ್ಲಿ ಹೆತ್ತ ಮಗಳಿಗೂ ಸಾಕಿದ ನಾಯಿಗೂ 'ನೀವು' ಎಂದೇ.

"ನಿಮಗೆ ಅರ್ಥ ಆಗಲ್ಲಮ್ಮ."

"ನಿಮ್ಮಪ್ಪ ಇಷ್ಟು ವರ್ಷ ಫುಟ್‌ಬಾಲ್ ವಿವರಿಸಿದ್ರು. ಅದೂ ಅರ್ಥ ಆಗ್ಲಿಲ್ಲ. ಕೇಳ್ಕೊಂಡು ಕೂರ್ಲಿಲ್ವಾ?"

ಯಾನ್ಸಿ ಶುರು ಮಾಡಿದಳು. ಎರಡು ಮಾತು ಆಗುವುದರೊಳಗೆ ಮುಳುಗಿದಳು.

"ಏನ್ರೀ ಮಹಾರಾಣಿ, ಸವಾರಿ ಎಲ್ಲಿಗೆ ಹೋಯ್ತು?"

"ಯೋಚಿಸ್ತಿದ್ದೆ."

"ಬಾಯಿ ಮುಚ್ಕೊಂಡು ಯೋಚಿಸೋಕೆ ನಮ್ಮ ಕನೇಲೋಗೂ ಬರುತ್ತೆ." ಮೇಜಿನ ಕೆಳಗೆ ಮಲಗಿದ್ದ ನಾಯಿ ಹೆಸರು ಕೇಳಿ ಕಿವಿ ಎತ್ತಿತು.

"ಹೇಳೋಕೆ ಹೋದ್ರೆ ಒಡೆದುಹೋಗುತ್ತಮ್ಮ. ಸೋಪಿನ ಗುಳ್ಳೆ ಥರ."

"ಗ್ಯಾಸ್ ತರೋನಿಗೆ ಮನೆ ದಾರಿ ಹೇಳುವಾಗ ಒಡೆಯುತ್ತಾ? ಅವನು ಬೀದಿಯಲ್ಲಿ ನಿಂತಿದ್ದಾನೆ, ಮನೆ ನಿಮಗೆ ಗೊತ್ತು. ಒಂದೊಂದೇ ತಿರುವು ಹೇಳಿ, ಬರ್ತಾನೆ."

ಗುರುವಾರ ಸಂಜೆಯವರೆಗೂ ಯಾನ್ಸಿ ಗ್ಯಾಸಿನವನಿಗೆ ದಾರಿ ಹೇಳಿದಳು. ಸಾಲು ಜೋಡಿಸುವ ಲೆಕ್ಕ, ಕಳೆದದ್ದನ್ನು ಹುಡುಕುವ ಲೆಕ್ಕ, ಎಲ್ಲವನ್ನೂ ತಿರುವು ತಿರುವಾಗಿ. ಕಡೆಕಡೆಗೆ ಮಾತು ಅವಳಿಗಿಂತ ಸ್ವಲ್ಪವೇ ಹಿಂದೆ ಬರುತ್ತಿತ್ತು.

ಶುಕ್ರವಾರ ಪರದೆಯ ಮೇಲೆ ಸಂದರ್ಶನ ಮಾಡಲು ಗ್ರಾಸಿಯೆಲಾ ಎಂಬಾಕೆ ಬಂದಳು, ದೂರದ ಮೊಂತೆವಿದೇವೊ ನಗರದಿಂದ. ಯಾನ್ಸಿಯ ಊರಿನದೇ ನಕ್ಷೆ ತೋರಿಸಿ, ಪೊಟ್ಟಣ ಹಂಚುವವನಿಗೆ ಹತ್ತಿರದ ದಾರಿ ಹುಡುಕುವ ಪ್ರೋಗ್ರಾಂ ಬರೆಯಲು ಹೇಳಿದಳು.

"ಮೊದಲು ಗುರುತಿನ ಜಾಗಗಳನ್ನ ಇಟ್ಕೋತೀನಿ," ಯಾನ್ಸಿ ದಾರಿ ಹೇಳತೊಡಗಿದಳು. "ಅಲ್ಲಿಂದ ದೂರ ಅಳೀತೀನಿ. ಈಗ, ಹಳೇ ಮಾವಿನ ಮರದಿಂದ ದಕ್ಷಿಣಕ್ಕೆ ನೂರು ಮೀಟರ್..."

"ತಾಳು. ಮರ ಎಲ್ಲಿದೆ ನಕ್ಷೆಯಲ್ಲಿ?"

"ಇಲ್ಲ. ಕಡಿದುಬಿಟ್ಟಿದ್ದಾರೆ. ನಾನು ಹುಟ್ಟೋಕೆ ಮುಂಚೆ."

"ಇಲ್ಲದ ಮರದಿಂದ ಹೇಗೆ ಅಳೀತೀಯ?"

ಇಡೀ ಊರು ಅಳೆಯುವುದೇ ಹಾಗೆ. ಅದೊಂದು ತಪ್ಪೆಂದು ಅವಳಿಗೆ ಇಂದಿನವರೆಗೆ ಹೊಳೆದಿರಲಿಲ್ಲ. ಕೆನ್ನೆ ಬಿಸಿಯಾಯಿತು. ನೀರು ಸದ್ದಿಲ್ಲದೆ ಎದೆಯವರೆಗೆ ಬಂತು. ತಳದ ಹಸಿರು ಬೆಳಕು ಬಾ ಎಂದು ಕರೆಯಿತು. ಇಳಿದರೆ ಉತ್ತರ ಸಿಗುತ್ತಿತ್ತು, ಕೆಲಸ ಸಿಗುತ್ತಿರಲಿಲ್ಲ. ಅವಳು ಗಲ್ಲವನ್ನು ನೀರಿನ ಮೇಲೆ ಹಿಡಿದು ನಿಂತಳು.

"ತಪ್ಪಾಯ್ತು. ಯಾಕೆ ತಪ್ಪಾಯ್ತು ಅಂತ ಹೇಳ್ತಾನೇ ಯೋಚಿಸ್ತೀನಿ. ನಮ್ಮೂರಲ್ಲಿ ಎಲ್ಲರೂ ಆ ಮರದಿಂದಲೇ ದಾರಿ ಹೇಳೋದು. ನಾನದನ್ನ ನೋಡೇ ಇಲ್ಲ. ಆದ್ರೆ ಪ್ರೋಗ್ರಾಂ ಅದನ್ನ ಹುಡುಕೋಕೆ ಹೋದ್ರೆ ಅಲ್ಲೇ ನಿಂತುಬಿಡುತ್ತೆ. ಮರ ತೆಗೆದುಬಿಡ್ತೀನಿ... ಬೇಡ, ಬೇಡ. ತೆಗೆದ್ರೆ ಜನ ಹೇಳೋ ವಿಳಾಸ ಯಾವುದೂ ಸಿಗಲ್ಲ. ಹೆಸರು ಇರಲಿ. ಆ ಹೆಸರು ಕೇಳಿದ್ರೆ, ಈಗ ಅಲ್ಲಿರೋ ಔಷಧಿ ಅಂಗಡಿ ತೋರಿಸ್ಲಿ."

ಗುಳ್ಳೆ ಒಡೆದಿತ್ತು. ಒಡೆದ ಜಾಗದಿಂದಲೇ ಇನ್ನೊಂದು ಏಳುತ್ತಿತ್ತು.

ಗ್ರಾಸಿಯೆಲಾ ನಕ್ಕಳು. "ಸರಿ, ಆ ಹೆಸರನ್ನೇ ಇನ್ನೊಂದು ಮರಕ್ಕೂ ಇಟ್ಟಿದ್ರೆ?"

ಅದು ಒಳ್ಳೆಯ ಪ್ರಶ್ನೆ. ಯಾನ್ಸಿ ಅದನ್ನು ತೆಗೆದುಕೊಂಡು ಮುಂದೆ ನಡೆದಳು. ಪಕ್ಕದಲ್ಲಿ ಇನ್ನೊಂದು ಜೊತೆ ಕಾಲುಗಳು ನೀರನ್ನು ಸರಿಸುತ್ತ ಬರುತ್ತಿದ್ದವು. ಅಲ್ಲಿ ಇನ್ನೊಬ್ಬರು ನಡೆಯಬಹುದೆಂದು ಅವಳು ಎಂದೂ ಎಣಿಸಿರಲಿಲ್ಲ. ಹೆದರಿಕೆಯಾಗಲಿಲ್ಲ.

"ನನ್ನ ಕಡೆಯಿಂದ ಹೂಂ," ಎಂದಳು ಗ್ರಾಸಿಯೆಲಾ ಕೊನೆಗೆ. "ಉಳಿದದ್ದು ಕಾಗದಪತ್ರ. ಮುಂದಿನ ವಾರ ಬರುತ್ತೆ."

ಬಾಗಿಲ ಹೊರಗೆ ನಿಂತಿದ್ದ ಫ್ಲೋರಿಬೆತ್ ಸುದ್ದಿ ಕೇಳಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ಮುತ್ತಿಟ್ಟಳು. ಕಾಫಿ ಸೋಸಿ ತಂದು ಎದುರಿಗೆ ಕೂತಳು. ಫ್ಲೋರಿಬೆತ್‌ಳ ಕಣ್ಣು ಕಿಟಕಿಯಾಚೆ, ಯಾವುದನ್ನೂ ನೋಡದೆ ನಿಂತಿತ್ತು.

"ಅಮ್ಮ, ಈಗ ಏನು ಯೋಚಿಸ್ತಿದೀರಿ?"

"ನಾನಾ? ಏನಿಲ್ಲಪ್ಪ. ರಾತ್ರಿ ಅಡುಗೆ."

"ಅಡುಗೆ ಅಲ್ಲ."

ಫ್ಲೋರಿಬೆತ್ ನಾಚಿಕೊಂಡು ನಕ್ಕಳು. ಈ ಪ್ರಶ್ನೆಯನ್ನು ಅವಳ ತಾಯಿ ಕೇಳಿರಲಿಲ್ಲ, ಗಂಡ ಕೇಳಿರಲಿಲ್ಲ, ತಪ್ಪೊಪ್ಪಿಗೆ ಕೇಳುವ ಪಾದ್ರಿಯೂ ಕೇಳಿದ್ದು ಪಾಪಗಳನ್ನು ಮಾತ್ರ. "ಅದೆಲ್ಲ ಯಾರಿಗ್ರೀ ಬೇಕು?" ಎಂದಳು. ಯಾನ್ಸಿ ಏಳಲಿಲ್ಲ.

"ಒಂದು ಬಸ್ಸು," ಎಂದಳು ಫ್ಲೋರಿಬೆತ್, ಮೆಲ್ಲಗೆ. "ಕಡಲ ಕಡೆಗೆ ಹೋಗೋದು. ಕಿಟಕಿಗಳೆಲ್ಲ ತೆಗೆದಿರುತ್ತೆ. ನನ್ನ ಕೈಯಲ್ಲಿ ಒಂದು ಚೀಲವೂ ಇರಲ್ಲ..."