ಅಕ್ಕನ ಹೆಸರಿನಲ್ಲಿದ್ದ ವಿಳಾಸ

ಚಿಕಿತ್ಸೆಯಲ್ಲಿ ತಲೆಗೂದಲು ಕಳೆದುಕೊಂಡವರಿಗೆ ವಿಗ್ ಹೆಣೆದುಕೊಡುವ ಅಂಗಡಿ ಅದು. ಅಕ್ಕತಂಗಿ ಸೇರಿ ಶುರುಮಾಡಿದ್ದರು. ಯಾವುದೋ ಮಾತಿಗೆ ಮಾತು ಬೆಳೆದು ಅಕ್ಕ ಹೊರನಡೆದ ಮೇಲೆ ತಂಗಿಯೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು.

ಒಂದು ಬೆಳಿಗ್ಗೆ ಗಿರಾಕಿಯೊಬ್ಬರು ಫೋನ್ ಮಾಡಿ, "ನಿಮ್ಮ ವೆಬ್‌ಸೈಟೇ ತೆರೀತಿಲ್ಲವಲ್ಲ, ಅಂಗಡಿ ಮುಚ್ಚಿಬಿಟ್ರಾ?" ಎಂದರು. ತಂಗಿ ತೆರೆದು ನೋಡಿದಳು; ನಿಜವೇ. ದೂರದವರು ತಲೆಯ ಅಳತೆ ಕಳಿಸುತ್ತಿದ್ದುದೆಲ್ಲ ಅಲ್ಲಿಗೇ.

ವೆಬ್‌ಸೈಟ್ ವಿಳಾಸದ ಹೆಸರನ್ನು ನೋಂದಾಯಿಸಿದ್ದ ಕಂಪನಿಗೆ ಫೋನ್ ಮಾಡಿದಳು. ಸಹಾಯವಾಣಿಯ ಹೆಂಗಸು ಬಿಡಿಸಿ ಹೇಳಿದಳು: "ಮೇಡಂ, ಈ ಹೆಸರನ್ನ ಯಾರೂ ಶಾಶ್ವತವಾಗಿ ಕೊಂಡ್ಕೊಳ್ಳೋಕಾಗಲ್ಲ. ಇಷ್ಟು ವರ್ಷ ಅಂತ ಹಿಡ್ಕೊಂಡಿರೋದು, ಅಷ್ಟೆ. ನಿಮ್ಮ ಅವಧಿ ಮುಗಿದಿದೆ. ಸ್ವಲ್ಪ ದಿನ ಎತ್ತಿಟ್ಟಿರ್ತೀವಿ. ಆಮೇಲೆ ಯಾರು ಮೊದಲು ಕೇಳ್ತಾರೋ ಅವರದು."

"ಹಾಗಾದ್ರೆ ಈಗಲೇ ನವೀಕರಿಸಿ."

"ಯಾರ ಹೆಸರಲ್ಲಿದೆಯೋ ಅವರ ಖಾತೆಯಿಂದಲೇ ಆಗ್ಬೇಕು."

ಅದಿದ್ದದ್ದು ಅಕ್ಕನ ಹೆಸರಿನಲ್ಲಿ. ಬೇಕೆಂದೇ ಕೈಬಿಟ್ಟಿದ್ದಾಳೆ ಎಂದು ತಂಗಿ ಹಲ್ಲು ಕಡಿದಳು. ಬೈಯುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಹೋಗಿ ಅಕ್ಕನ ಮನೆಯ ಕರೆಗಂಟೆ ಒತ್ತಿದಳು.

ಬಾಗಿಲು ತೆರೆದ ಅಕ್ಕ ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಹುಬ್ಬುಗಳಿರಲಿಲ್ಲ. ಅಂಥ ಮುಖಗಳನ್ನು ದಿನವೂ ನೋಡುವ ತಂಗಿಗೆ ಏನಾಯಿತೆಂದು ಕೇಳಬೇಕಾಗಲಿಲ್ಲ.

"ಯಾಕೆ ಹೇಳ್ಲಿಲ್ಲ ನೀನು?"

"ಯಾವ ಮುಖ ಇಟ್ಕೊಂಡು ಹೇಳ್ಲಿ? ಬೇರೆ ಹೆಸರಲ್ಲಿ ನಿನ್ನ ಹತ್ರ ಒಂದು ವಿಗ್ ತರಿಸೋಣ ಅಂದ್ಕೊಂಡೆ. ನೋಡಿದ್ರೆ ವೆಬ್‌ಸೈಟೇ ಇಲ್ಲ. ನೀನು ಅಂಗಡಿ ಮುಚ್ಚಿದೆ ಅಂತ ತುಂಬಾ ಬೇಜಾರಾಯ್ತು."

"ಅದು ನಿನ್ನ ಹೆಸರಲ್ಲಿತ್ತಲ್ಲ, ಮಾರಾಯ್ತಿ! ನವೀಕರಿಸಿ ಅಂತ ಮೇಲ್ ಬರ್ಲಿಲ್ವಾ?"

ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ, ಅದು ಹಳೇ ಆಫೀಸಿನ ಇಮೇಲ್! ಕೆಲಸ ಬಿಟ್ಟಾಗಲೇ ಅದೂ ಹೋಯ್ತು."

ಇಬ್ಬರೂ ನಕ್ಕರು. ನಗು ಯಾವಾಗ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಅಕ್ಕ ಕಂಪನಿಗೆ ಗುರುತಿನ ಚೀಟಿ ಕಳಿಸಿ ಖಾತೆಯ ಇಮೇಲ್ ಬದಲಿಸಿಕೊಂಡಳು, ನವೀಕರಣದ ಹಣ ಕಟ್ಟಿದಳು. ಮರುದಿನ ಹೆಸರು ಮರಳಿ ಸಿಕ್ಕಿತು.

"ಇದನ್ನ ನಿನ್ನ ಹೆಸರಿಗೆ ಮಾಡ್ಕೊ. ನನ್ನ ಗತಿ ಯಾರಿಗೆ ಗೊತ್ತು," ಎಂದಳು ಅಕ್ಕ.

ಬೇಡವೆನ್ನಲು ಹೊರಟ ತಂಗಿ ಕೊನೆಗೆ ಒಪ್ಪಿದಳು. ಅಕ್ಕನಿಗೇನಾದೀತೋ ಎಂಬ ಭಯಕ್ಕಿಂತ, ಗಿರಾಕಿಗಳಿಗೆ ವೆಬ್‌ಸೈಟ್ ಮತ್ತೆ ತಪ್ಪಿಹೋಗಬಾರದೆಂಬುದು ದೊಡ್ಡದಾಗಿತ್ತು. ಹೆಸರು ಬದಲಾಯಿತು. ಮೈ ಒಪ್ಪಿದ ದಿನಗಳಲ್ಲಿ ಅಕ್ಕ ಅಂಗಡಿಗೆ ಬಂದು ಕೂತು, ದೂರದವರ ಮೇಲ್‌ಗಳಿಗೆ ಉತ್ತರ ಬರೆಯತೊಡಗಿದಳು.