ತಲೆ ಎತ್ತಿಸುವವನು

"ಮೇಲೆ ನೋಡ್ಸೋ ಅಂದ್ರೆ ಎಲ್ಲಿ ನೋಡಿಸ್ತಿದೀಯೋ, ಬೋಳಿಮಗನೇ? ನಿನ್ನೆ ಒಂದೇ ದಿನ ಇನ್ನೂರು ಜನರದ್ದು ಬರೀ ತಲೆ ಬಂದಿದೆ. ಬರೀ ತಲೆ! ಕೂದಲು ನೋಡ್ಕೊಂಡು ನಾನೇನು ಹೇನು ಹೆಕ್ಕಲಾ?"

ಮ್ಯಾನೇಜರು ಹೀಗೆ ಕೂಗುತ್ತಿದ್ದಾಗ ಗಂಟೆಮಾಮ ಮನರಂಜನಾ ಪಾರ್ಕಿನ ಹೆಬ್ಬಾಗಿಲ ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಎಡಗಾಲಿನ ಬೂಟಿಗೆ ದಾರ ಬಿಗಿಯುತ್ತಿದ್ದ. ಬೂಟು ಅವನ ಪಾದದ ಎರಡರಷ್ಟು ಉದ್ದ. ಮೂಗಿಗೆ ಕೆಂಪು ಚೆಂಡು, ಹೊಟ್ಟೆಗೆ ದಿಂಬು, ಪಕ್ಕದಲ್ಲಿ ಒಂದು ಮಾರು ಉದ್ದದ ಕೋಲು, ಕೋಲಿನ ತುದಿಗೆ ಹಿತ್ತಾಳೆಯ ಗಂಟೆ. ಮೂವತ್ತು ವರ್ಷ ಸರ್ಕಸ್ಸಿನಲ್ಲಿ ಬಫೂನನಾಗಿದ್ದವನು. ಡೇರೆಯನ್ನು ತುಂಡುತುಂಡಾಗಿ ಮಾರಿದ ಮೇಲೆ ಇಲ್ಲಿಗೆ ಬಂದಿದ್ದ. ಕರೆಂಟು ಮೀಟರುಗಳ ಕೋಣೆಯ ಹಿಂದೆ ಒಂದು ಮಂಚ ಹಿಡಿಯುವಷ್ಟು ಜಾಗವನ್ನು ಪಾರ್ಕಿನವರು ಕೊಟ್ಟಿದ್ದರು. ಗಂಟೆ ಕೈತಪ್ಪಿದರೆ ಮಂಚವೂ ತಪ್ಪುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಜನ ಮೊಬೈಲ್ ನೋಡ್ಕೊಂಡು ಬರ್ತಾರೆ ಸ್ವಾಮಿ, ನಾನೇನ್ ಮಾಡ್ಲಿ?"

"ಕುಣಿ. ಕಿರುಚು. ಚಡ್ಡಿ ಬಿಚ್ಕೊಂಡು ನಿಲ್ಲು. ನನಗೆ ಮುಖ ಬೇಕು, ಅಷ್ಟೇ."

ಕೆಲಸ ಹೇಳುವುದಕ್ಕೆ ಸುಲಭ. ಹೆಬ್ಬಾಗಿಲ ಕಮಾನಿನ ನಡುವೆ ತೆಂಗಿನ ಹೋಳಿನಷ್ಟು ಗಾತ್ರದ ಕರಿಯ ಗಾಜಿನ ಕಣ್ಣೊಂದನ್ನು ಹೊಸದಾಗಿ ಕೂರಿಸಿದ್ದರು. ಸಾಲಿನಲ್ಲಿ ಬಂದವರು ಅದರ ಎದುರಿಗೆ ಬರುತ್ತಿದ್ದಂತೆ ಗಂಟೆಮಾಮ ಕೋಲನ್ನೆತ್ತಿ ಕಣ್ಣಿನ ಪಕ್ಕದಲ್ಲೇ ಗಂಟೆ ಬಾರಿಸಬೇಕು. ಸದ್ದು ಎಲ್ಲಿಂದ ಬಂತೆಂದು ಜನ ತಲೆಯೆತ್ತುತ್ತಾರೆ, ನಗುತ್ತಾರೆ. ಆ ಒಂದು ಕ್ಷಣದಲ್ಲಿ ಕಣ್ಣು ತನ್ನ ಕೆಲಸವನ್ನು ಮುಗಿಸುತ್ತದೆ. ಕೇಳುವವರಿಲ್ಲ, ಹೇಳುವ ಬೋರ್ಡಿಲ್ಲ. ಅದು ಫೋಟೋ ತೆಗೆಯುತ್ತದೆಂದು ಗಂಟೆಮಾಮ ಬಹಳ ದಿನ ನಂಬಿದ್ದ. ಆದರೆ ಫೋಟೋ ಎಂದಮೇಲೆ ಹೋಗುವಾಗ ಕೈಗೆ ಕೊಡಬೇಕಲ್ಲ? ಕೊಟ್ಟದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

ಅವನ ಕಣ್ಣು ತೆರೆಸಿದವಳು ಗುಡಿಸುವ ಅಕ್ಕ. ಬಾಗಿಲಿನಿಂದ ಆಫೀಸಿನವರೆಗಿನ ನೆಲವೆಲ್ಲ ಅವಳದು.

"ಫೋಟೋನಂತೆ ಫೋಟೋ! ಯಾವ ಅಂಗಡಿ ಮುಂದೆ ಯಾರು ಎಷ್ಟೊತ್ತು ನಿಂತ್ರು, ಯಾವ ಮಗು ಯಾವ ಗೊಂಬೆ ಬೇಕು ಅಂತ ಅತ್ತಿತು, ಯಾರ ಜೊತೆ ಯಾರು ಬಂದ್ರು, ಎಲ್ಲಾ ಬರ್ಕೊಳ್ಳುತ್ತೆ ಅದು. ಆಫೀಸ್ ಒರೆಸೋವಾಗ ನೋಡಿದೀನಿ, ಗೋಡೆ ತುಂಬ ಮುಖ."

"ನನ್ನ ಮುಖಾನೂ ಇದ್ಯಾ?"

"ನಿಂದೆಲ್ಲಿ ಬರ್ಬೇಕು? ಬಣ್ಣ ಬಳ್ಕೊಂಡು ಮೂಗಿಗೆ ಚೆಂಡು ಅಂಟಿಸ್ಕೊಂಡಿದೀಯ. ಅದರ ಲೆಕ್ಕದಲ್ಲಿ ನೀನು ಮನುಷ್ಯನೇ ಅಲ್ಲ."

"ಮ್ಯಾನೇಜರಿಗೂ ಅದೇ ಅನುಮಾನ ಕಣಕ್ಕ."

ಟಿಕೆಟ್ ಹರಿಯುವವನು, ದಪ್ಪ ಕನ್ನಡಕದ ದಢೂತಿ ಮನುಷ್ಯ, ಸ್ಟೂಲಿನ ಮೇಲೆ ಕೂತಲ್ಲೇ ಹೊಟ್ಟೆ ಕುಲುಕಿಸಿ ನಕ್ಕ. ಆ ದಿನದ ಮಾತು ಅಲ್ಲಿಗೇ ಮುಗಿಯಿತು.

ಗುರುವಾರ ಆಫೀಸಿನಿಂದ ಕರೆ ಬಂತು. ಚಪ್ಪಲಿ ಬಿಡುವ ಜಾಗದಲ್ಲಿ ತನ್ನ ಉದ್ದ ಬೂಟುಗಳನ್ನು ಬಿಟ್ಟು ಗಂಟೆಮಾಮ ಬರಿಗಾಲಲ್ಲಿ ಒಳಗೆ ಹೋದ. ಒಳಗೆ ತಣ್ಣನೆಯ ಗಾಳಿ. ಮ್ಯಾನೇಜರ ಎದುರು ಗರಿಗರಿ ಇಸ್ತ್ರಿಯ ಅಂಗಿಯವನೊಬ್ಬ ಕಾಲಮೇಲೆ ಕಾಲು ಹಾಕಿ ಕೂತಿದ್ದ, ಪಾರ್ಕಿನ ಮಾಲೀಕರಿಗೆ ಬೇಕಾದವನಂತೆ. ಗೋಡೆಯ ಪರದೆಯ ಮೇಲೆ ಆಳೆತ್ತರದ ಒಂದು ಮುಖ: ಮೂವತ್ತರ ಆಸುಪಾಸಿನ ಹೆಂಗಸು, ತಲೆಯೆತ್ತಿ, ಇನ್ನೇನು ನಗಬೇಕೆಂದಿರುವ ಬಾಯಿ. ಪಕ್ಕದಲ್ಲಿ ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿ.

"ಇವಳನ್ನ ನೋಡಿದೀಯೇನೋ?" ಮ್ಯಾನೇಜರು ಕೇಳಿದರು. "ಇವರ ಹೆಂಡ್ತಿ. ಪಾಪ, ಮಗೂನ ಎತ್ಕೊಂಡು ಮನೆ ಬಿಟ್ಟು ಹೋಗಿದಾಳೆ. ನಮ್ಮ ಯಂತ್ರ ಹುಡುಕಿಕೊಟ್ಟಿದೆ, ಹೋದ ಭಾನುವಾರ ಬಂದಿದ್ಲು. ಮತ್ತೆ ಬರ್ತಾಳೋ ಇಲ್ವೋ ಅನ್ನೋದು ಮಾತ್ರ ಅದಕ್ಕೆ ಗೊತ್ತಿಲ್ಲ."

ಇಲ್ಲಿಯೇ ಗಂಟೆಮಾಮನ ನಾಲಿಗೆ ಜಾರಿತು. ಈ ಕಥೆಯನ್ನು ಹೇಳುವವರೆಲ್ಲ ಇಲ್ಲಿಗೆ ಬಂದಾಗ ಒಂದು ಕ್ಷಣ ನಿಲ್ಲುತ್ತಾರೆ. ನಕ್ಕ ಮುಖವನ್ನು ಬಫೂನನಾದವನು ಮರೆಯಲಾರ. ಮರೆತರೆ ಮಾರನೆಯ ಆಟಕ್ಕೆ ಯಾರನ್ನು ನೋಡಿ ಆಡಬೇಕು? ಆ ಹೆಮ್ಮೆಯೊಂದು ಅವನಲ್ಲಿ ಉಳಿದಿತ್ತು. ಗೋಡೆಯ ಯಂತ್ರಕ್ಕೆ ತಿಳಿಯದ್ದು ತನಗೆ ತಿಳಿದಿದೆಯೆಂದಾಗ ಅದನ್ನು ತಡೆದುಕೊಳ್ಳುವುದು ಅವನಿಂದಾಗಲಿಲ್ಲ.

"ಯಂತ್ರಕ್ಕೆ ಬಂದದ್ದಷ್ಟೇ ಗೊತ್ತು ಸ್ವಾಮಿ. ಬರೋದು ನನಗ್ಗೊತ್ತು! ಈ ಮಗು ನನ್ನ ಮೂಗು ಹಿಂಡಿ ಹೋಗಿದೆ. ಬರೋ ಭಾನುವಾರ ಬಂದು ಇನ್ನೊಂದ್ಸಲ ಹಿಂಡ್ತೀನಿ ಅಂತ ಮಾತು ಕೊಟ್ಟಿದೆ. ಮಕ್ಕಳು ನನಗೆ ಕೊಟ್ಟ ಮಾತು ತಪ್ಪಲ್ಲ."

ಇಸ್ತ್ರಿ ಅಂಗಿಯವನು ಎದ್ದು ಬಂದು ಅವನ ಬೆನ್ನು ತಟ್ಟಿದ. ತಟ್ಟಿದ ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡ. ಬಾಗಿಲ ಬಳಿ ನಿಂತೇ ಕುಡಿಯಲು ಗಂಟೆಮಾಮನಿಗೆ ಒಂದು ಕಾಗದದ ಲೋಟದಲ್ಲಿ ಚಹಾ ಸಿಕ್ಕಿತು. ಅವನು ಅದನ್ನು ಬಹುಮಾನವೆಂದೇ ಕುಡಿದ.

ಮಧ್ಯಾಹ್ನ ಗುಡಿಸುವ ಅಕ್ಕ ಪೊರಕೆಯ ಹಿಡಿಯಿಂದ ಅವನ ಹೊಟ್ಟೆಯ ದಿಂಬಿಗೆ ತಿವಿದಳು.

"ನಿನ್ನ ಬಾಯಿಗೆ ಮಣ್ಣು ಹಾಕ! ಏನ್ ಬೊಗಳಿದೆ ಒಳಗೆ?"

"ಯಾಕಕ್ಕ? ಪಾಪ, ಹೆಂಡ್ತೀನ ಹುಡುಕ್ತಿದಾನೆ..."

"ನೀನು ಈಚೆ ಬಂದ ಮೇಲೆ ಆ ಪಾಪ ಏನಂದ ಗೊತ್ತಾ? ಹೋದ ಸಲ ಬರೀ ಕೈ ಮುರಿದು ಬಿಟ್ಟುಬಿಟ್ಟೆ, ಈ ಸಲ ಕಾಲು ಮುರಿದೇ ಮನೇಲಿ ಕೂರಿಸ್ತೀನಿ ಅಂದ. ಅಂದು ನಕ್ಕ. ನಿನ್ನ ಮ್ಯಾನೇಜರೂ ನಕ್ಕ. ನಾನು ಅಲ್ಲೇ ಮೇಜಿನ ಕೆಳಗೆ ಒರೆಸ್ತಿದ್ದೆ. ನಾನಿದ್ದೀನಿ ಅನ್ನೋದು ಆ ಮುಂಡೇವಕ್ಕೆ ಕಾಣುತ್ತಾ?"

ಗಂಟೆಮಾಮನಿಗೆ ಆಗ ನೆನಪಾಯಿತು. ಮೂಗು ಹಿಂಡಿಸಲೆಂದು ಮಗುವನ್ನು ಎತ್ತುವಾಗ ಆ ಹೆಂಗಸು ಒಂದೇ ಕೈಯಿಂದ ಎತ್ತಿದ್ದಳು. ಎಡಗೈ ಮೇಲೇಳುತ್ತಿರಲಿಲ್ಲ.

ಭಾನುವಾರದವರೆಗೆ ಅವನು ಸರಿಯಾಗಿ ಉಣ್ಣಲಿಲ್ಲ. ಅವಳ ಮನೆಯೆಲ್ಲಿ, ಹೆಸರೇನು, ಒಂದೂ ತಿಳಿಯದು. ಹುಷಾರಿಲ್ಲವೆಂದು ಮಲಗಿದರೆ ಕೋಲನ್ನು ಇನ್ನೊಬ್ಬನ ಕೈಗೆ ಕೊಡುತ್ತಾರೆ. ಗಂಟೆ ಬಾರಿಸದಿದ್ದರೆ ಮಹಡಿಯ ಕಿಟಕಿಯಿಂದ ಮ್ಯಾನೇಜರು ನೋಡುತ್ತಿರುತ್ತಾರೆ. ತಾಯಿಯದಾಗಲಿ ಮಗುವಿನದಾಗಲಿ, ಮುಖ ಕಂಡೊಡನೆ ಆಫೀಸಿನಲ್ಲಿ ಯಂತ್ರವೇ ಕೂಗಿಕೊಳ್ಳುವಂತೆ ಏರ್ಪಾಡಾಗಿದೆಯೆಂದು ಅಕ್ಕ ಸುದ್ದಿ ತಂದಿದ್ದಳು. ಇಸ್ತ್ರಿ ಅಂಗಿಯವನು ಬೆಳಿಗ್ಗೆಯೇ ಬಂದು ಒಳಗೆ ಕೂತಿದ್ದ.

ಹನ್ನೊಂದರ ಹೊತ್ತಿಗೆ ಬಂದರು. ಸಾಲಿನಲ್ಲಿ ಹನ್ನೆರಡು ಜನರ ಹಿಂದೆ ಹಲ್ಲಿಲ್ಲದ ನಗುವೊಂದು ಕೈ ಬೀಸುತ್ತಿತ್ತು. "ಮಾಮಾ! ಗಂಟೆಮಾಮಾ!"

ಗಂಟೆಮಾಮ ಬಾರಿಸಿದ. ಮುಂದಿನವರು ತಲೆಯೆತ್ತಿದರು, ನಕ್ಕರು, ಒಳಗೆ ಹೋದರು. ಮತ್ತೆ ಬಾರಿಸಿದ. ಎಂಟು ಜನ. ಐದು. ಮೂರು. ಮಗು ಆಗಲೇ ಕತ್ತನ್ನು ಮೇಲೆತ್ತಲು ಸಜ್ಜಾಗಿತ್ತು.

ಗಂಟೆಮಾಮ ಬಿದ್ದ.

ಬೀಳುವುದೆಂದರೆ ಹೇಗೋ ಬೀಳುವುದಲ್ಲ. ಎತ್ತರದಲ್ಲಿ ಸದ್ದಾದರೆ ಜನ ಮೇಲೆ ನೋಡುತ್ತಾರೆ. ಆದರೆ ಎದುರಿಗೊಬ್ಬ ಮನುಷ್ಯ ಬಿದ್ದನೆಂದರೆ ಆಕಾಶವೇ ಗುಡುಗಲಿ, ಕೆಳಗೇ ನೋಡುತ್ತಾರೆ. ಡೇರೆಯವರು ಅದನ್ನು ಮೂರು ಮಡಿಕೆ ಬೀಳುವುದು ಎನ್ನುತ್ತಿದ್ದರು: ಮೊದಲು ಕಾಲು ಜಾರಬೇಕು, ಆಮೇಲೆ ಸಾವರಿಸಿಕೊಂಡೆನೆಂದು ನೋಡುವವರ ಎದುರು ಜಂಬದಿಂದ ನಗಬೇಕು, ಆ ನಗು ಮುಗಿಯುವ ಮೊದಲೇ ದೊಪ್ಪೆಂದು ನೆಲ ಸೇರಬೇಕು. ಮಂಡಿ ನೋವು ಶುರುವಾದ ಮೇಲೆ ಆರು ವರ್ಷಗಳಿಂದ ಅವನು ಬಿದ್ದಿರಲಿಲ್ಲ. ಆದರೂ ಮೈ ಮರೆತಿರಲಿಲ್ಲ. ಸಾಲಿಗೆ ಸಾಲೇ ತಲೆ ಬಗ್ಗಿಸಿ ಗೊಳ್ಳೆಂದು ನಕ್ಕಿತು.

ಎಲ್ಲರೂ ನಗುತ್ತಿರಲು ಆ ಹೆಂಗಸೊಬ್ಬಳೇ ಬಗ್ಗಿ ಬಲಗೈ ಚಾಚಿದಳು. "ಪೆಟ್ಟಾಯ್ತೇನಣ್ಣ?" ಮಗು ಸಿಕ್ಕಿದ್ದೇ ಸಮಯವೆಂದು ಅವನ ಮೂಗನ್ನು ಹಿಂಡಿತು.

ಬಣ್ಣದ ನಗು ಹಾಗೇ ಇರಲು, ಅದರೊಳಗಿಂದ ಗಂಟೆಮಾಮ ಪಿಸುಗುಟ್ಟಿದ. "ತಲೆ ಎತ್ತಬೇಡ ತಂಗಿ. ಮೇಲಿರೋ ಆ ಕಣ್ಣಿಗೆ ಮುಖ ತೋರಿಸ್ಬೇಡ. ಒಳಗೆ ನಿನ್ನ ಗಂಡ ಕೂತಿದಾನೆ. ನಾನೇ ಬಾಯಿ ಬಿಟ್ಟೆ, ನಾನೇ ಮುಟ್ಠಾಳ. ಬಗ್ಗಿಕೊಂಡೇ ವಾಪಸ್ ಹೋಗಿ ಬಸ್ ಹತ್ತು."

ಅವಳು ಅವನ ಕೈ ಬಿಟ್ಟು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಷ್ಟು ದಿನ ಅಂತ ಬಗ್ಗಿಕೊಂಡು ಹೋಗ್ಲಣ್ಣ?" ಎಂದಳು.

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಸಾಲಿನಿಂದ ಹೊರಗೆ ತಿರುಗಿದಳು. ತಾಯಿಯ ಬೆನ್ನು ಪಾರ್ಕಿಗೆ, ಮಗುವಿನ ಮುಖ ಮಾತ್ರ ನೇರ ಹೆಬ್ಬಾಗಿಲಿಗೆ. ಅದು ಅಳುತ್ತ ಗಂಟೆಮಾಮನನ್ನೇ ನೋಡುತ್ತಿತ್ತು. ಅವನು ಎದ್ದು ನಿಂತರೆ ಅದರ ಮುಖವೂ ಮೇಲೇಳುತ್ತದೆ, ಕಮಾನಿನ ಕಣ್ಣಿಗೆ ಸಿಗುತ್ತದೆ. ಬಸ್ ನಿಲ್ದಾಣವೋ ರಸ್ತೆಯಾಚೆ. ಅಲ್ಲಿಯವರೆಗೂ ಕಣ್ಣಿಗೆ ಕಾಣುತ್ತದೆ.

ಅವನು ಅರ್ಧ ಎದ್ದು ಮತ್ತೆ ಬಿದ್ದ. ಕೋಲಿನ ಮೇಲೆ ಬಿದ್ದ. ತನ್ನ ಬೂಟನ್ನು ತಾನೇ ತುಳಿದು ಬಿದ್ದ. ಬಿದ್ದದ್ದೇಕೆಂದು ನೆಲವನ್ನು ಬೈದು, ಅದನ್ನು ಒದೆಯಲು ಹೋಗಿ ಬಿದ್ದ. ಎಷ್ಟು ಸಲ ಎಂಬುದರಲ್ಲಿ ಹೇಳುವವರೊಳಗೆ ಒಮ್ಮತವಿಲ್ಲ. ಬಲೂನು ಮಾರುವವರು ಒಂಬತ್ತು ಎನ್ನುತ್ತಾರೆ. ನೀರಾಟದ ಕೊಳದವರು ಹದಿನಾಲ್ಕಕ್ಕೆ ಕಡಿಮೆ ಒಪ್ಪುವುದಿಲ್ಲ. ಐಸ್‌ಕ್ರೀಮಿನವರು, ನಗು ತಡೆಯಲಾರದೆ ಕಣ್ಣು ಒರೆಸಿಕೊಳ್ಳುತ್ತಿದ್ದೆವು, ಎಣಿಸಲಿಲ್ಲ ಎನ್ನುತ್ತಾರೆ. ಮೂರನೆಯದರಲ್ಲಿಯೇ ಮಂಡಿ ಚಟಕ್ಕೆಂದಿತೆಂಬುದನ್ನು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಾರೆ.

ಮ್ಯಾನೇಜರು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬಂದರು.

"ಏಳೋ ಲೋಫರ್! ಅರ್ಧ ಗಂಟೆಯಿಂದ ಒಂದು ಮುಖ ಬಂದಿಲ್ಲ. ಬರೀ ಬೈತಲೆ, ಬರೀ ಬೋಳು! ಕುಡಿದಿದೀಯಾ?"

"ಮುಪ್ಪು ಸ್ವಾಮಿ. ಕಾಲು ನಿಲ್ತಿಲ್ಲ."

"ಮುಪ್ಪಾದ್ರೆ ಎಲ್ಲಾದ್ರೂ ಹೋಗಿ ಸಾಯಿ." ದಿಂಬು ಎಲ್ಲಿ ಮುಗಿಯುತ್ತದೆಂದು ತಿಳಿದವರಂತೆ ಅವರು ಅದರ ಪಕ್ಕಕ್ಕೇ ಒದ್ದರು. ಮೂಗಿನ ಚೆಂಡನ್ನು ಕಿತ್ತರು, ಗಂಟೆಯನ್ನು ಕಸಿದುಕೊಂಡರು. ಇಬ್ಬರು ಕಾವಲುಗಾರರು ಗಂಟೆಮಾಮನ ರಟ್ಟೆ ಹಿಡಿದು ಎಳೆದೊಯ್ದು ಸಾಲಿನ ಹಗ್ಗದಾಚೆ ಎಸೆದರು.

ಬಸ್ಸು ಆಗಷ್ಟೇ ಬಂದು ನಿಂತಿತ್ತು. ಹತ್ತುವವರ ಗುಂಪಿನ ಕೊನೆಯಲ್ಲಿ ಅವಳು. ಹೆಗಲ ಮೇಲೆ, ಇತ್ತಲೇ ತಿರುಗಿದ ಆ ಮುಖ.

ಮ್ಯಾನೇಜರು ತಾವೇ ಕೋಲನ್ನೆತ್ತಿದರು. "ಎಲ್ಲಾ ಮೇಲೆ ನೋಡಿ! ಮೇಲೆ, ಮೇಲೆ! ನಗಿ!"

ಆಗ ಗುಡಿಸುವ ಅಕ್ಕ ಪೊರಕೆ, ಮೊರ, ಕಸದ ಡಬ್ಬಗಳ ಸಮೇತ ಅವರ ಕಾಲಬುಡದಲ್ಲಿ ಢಮಾರೆಂದು ಬಿದ್ದಳು.

"ನಿನಗೇನೇ ಬಂತು ರೋಗ?"

"ಜಾರ್ತು ಸಾರ್. ನಾನೇ ಒರೆಸಿದ್ದು. ಅಷ್ಟು ಚೆನ್ನಾಗಿ ಒರೆಸಿಬಿಟ್ಟಿದೀನಿ."

ಸಾಲಿನ ತಲೆಗಳೆಲ್ಲ ಕೆಳಗೆ ತಿರುಗಿದವು. ರಸ್ತೆಯಾಚೆಯ ಮಗು ಅಳು ನಿಲ್ಲಿಸಿ ಡಬ್ಬ ಉರುಳುವುದನ್ನು ನೋಡಿತು. ಅಕ್ಕ ಬಿದ್ದಲ್ಲಿಂದಲೇ ಕತ್ತು ಹೊರಳಿಸಿ ಹಗ್ಗದಾಚೆ ಕೂಗಿದಳು: "ಹೆಂಗಿತ್ತಣ್ಣಾ?"

"ಮೊಣಕೈ ಊರಬೇಡಕ್ಕ, ಮುರ್ಕೊಳ್ತೀಯ!" ಮಣ್ಣಿನಲ್ಲಿ ಕೂತ ಗಂಟೆಮಾಮ ಕೂಗಿದ. ಬಸ್ಸಿನ ಬಾಗಿಲು ಇನ್ನೂ ಮುಚ್ಚಿರಲಿಲ್ಲ. "ಭುಜ ಮೊದಲು! ಆಮೇಲೆ ಸೊಂಟ!"

ಟಿಕೆಟ್ ಹರಿಯುವವನು ಸ್ಟೂಲಿನಿಂದ ಎದ್ದು ನಿಂತ. ಕನ್ನಡಕವನ್ನು ತೆಗೆದು, ಮಡಿಸಿ, ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡ.

"ಭುಜ ಮೊದಲು ಅಂದ್ಯಾ, ಮಾಮಾ?"